ಹಿಂಡಿ ಚೆಲ್ಲುವ ನೀರು

ಪೂಜ್ಯ ಗುರುಶಾಂತಮ್ಮ ತಾಯಿಯವರು ಗದ್ದುಗೆಯ ಮೇಲೆ ಕುಳಿತದ್ದನ್ನು ಕಂಡವರು ಕಡಿಮೆ. ದರ್ಶನ ಬೇಕೆಂದವರು ಮಠದ ಅಡುಗೆಮನೆಗೇ ಹೋಗಬೇಕು. ಅಲ್ಲಿ ಸಗಣಿ ಸಾರಿಸಿದ ನೆಲದ ಮೇಲೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಈಳಿಗೆಮಣೆಯ ಮುಂದೆ ತಾಯಿಯವರು ಕಾಯಿಪಲ್ಲೆ ಹೆಚ್ಚುತ್ತ ಕುಳಿತಿರುತ್ತಿದ್ದರು. ಪಾದಕ್ಕೆರಗಿದವರನ್ನು ಅವರು ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಊಟಾ ಆತೇನು?"

ಆ ಮಾತಿಗೆ ಒಂದು ದಿನ ದಾನವ್ವನೆಂಬ ಹೆಣ್ಣುಮಗಳು ಗಳಗಳನೆ ಅತ್ತುಬಿಟ್ಟಳು.

ದಾನವ್ವನ ಕೈಯಡುಗೆಯೆಂದರೆ ಸುತ್ತಲ ಊರಿಗೆಲ್ಲ ಹೆಸರು. ಅವಳ ಹೋಳಿಗೆ, ಅವಳ ಮಾದಲಿ, ಅವಳ ಗೋಧಿಹುಗ್ಗಿ ಬೇಡವೆನ್ನುವ ಗಂಡಸು ಹುಟ್ಟಿಲ್ಲ ಎನ್ನುತ್ತಿದ್ದರು ಜನ. ಹುಟ್ಟಿದ್ದ, ಅವಳ ಮನೆಯಲ್ಲೇ ಇದ್ದ! ಗಂಡ ಈರಸಂಗಪ್ಪ ಒಂದು ಕಾಲಕ್ಕೆ ಕಲ್ಲು ತಿಂದು ಕರಗಿಸುವ ಆಳು. ಈಗ ಎರಡು ತುತ್ತಿಗೇ ತಾಟು ಸರಿಸುತ್ತಿದ್ದ. ಹೊಟ್ಟೆಯುಬ್ಬರ, ಹುಳಿತೇಗು, ಮೈ ಸೊರಗಿ ಅಂಗಿಯೊಳಗೆ ಮನುಷ್ಯನೇ ಇಲ್ಲದಂತಾಗಿತ್ತು. ವೈದ್ಯರು ಪರೀಕ್ಷೆ ಮಾಡಿ, ದೊಡ್ಡ ರೋಗವೇನೂ ಇಲ್ಲ, ಅರಗಿಸುವ ಶಕ್ತಿ ಕುಂದಿದೆ, ತುಪ್ಪ ಸಿಹಿ ಕಡಿಮೆ ಮಾಡಿರಿ ಎಂದಿದ್ದರು. ಸೊರಗಿದ ಗಂಡನಿಗೆ ತುಪ್ಪ ಕಡಿಮೆ ಮಾಡುವುದುಂಟೇ? ದಾನವ್ವ ಒಂದು ಮಿಳ್ಳೆ ತುಪ್ಪ ಹೆಚ್ಚೇ ಹಾಕಿದಳು. ಅವನು ಉಣ್ಣದಿದ್ದಷ್ಟೂ ಇವಳು ಸಿಹಿ ಮಾಡಿದಳು.

ಕಡೆಗೊಮ್ಮೆ ಅತ್ತೆ ಅಂದೇಬಿಟ್ಟಳು, "ನಿನ್ನ ಕೈಗುಣಾನ ಹೋತು ಬಿಡು." ಆ ಮಾತು ಮುಳ್ಳಿನಂತೆ ನಾಟಿತು. ಗಂಡನಿಗೆ ಉಣಿಸಲಾರದ ಕೈ ಇದ್ದರೇನು, ಬಿದ್ದರೇನು ಎಂದುಕೊಂಡು, ಹೋಳಿಗೆಯ ಡಬ್ಬಿ ಕಟ್ಟಿ, ಒಲ್ಲೆನೆಂದ ಗಂಡನನ್ನೂ ಎಬ್ಬಿಸಿಕೊಂಡು ಮಠಕ್ಕೆ ಬಂದಿದ್ದಳು.

ಅವಳ ಅಳಲನ್ನೆಲ್ಲ ಕೇಳಿ ತಾಯಿಯವರು ಡಬ್ಬಿ ತೆರೆದರು. ಒಂದು ಚೂರು ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡು, "ಎಷ್ಟು ಮಿದು ಆಗ್ಯಾವ! ನಿನ್ನ ಕೈಗುಣಕ್ಕ ಏನೂ ಆಗಿಲ್ಲವ್ವಾ" ಎಂದರು. ದಾನವ್ವನಿಗೆ ಹೋದ ಜೀವ ಬಂದಂತಾಯಿತು.

ಹುರುಪು ಬಂದದ್ದೇ, ಬುಟ್ಟಿಯಲ್ಲಿದ್ದ ಹಾಗಲಕಾಯಿಯ ಮೇಲೆ ಅವಳ ಕಣ್ಣು ಬಿತ್ತು. "ನಾ ಮಾಡ್ತೀನಿ ಕೊಡ್ರಿ ಯವ್ವಾ. ನಾ ಮಾಡಿದ್ರ ಅದು ಹಾಗಲಕಾಯಿ ಅಂತ ಯಾರಿಗೂ ಗೊತ್ತಾಗೂದಿಲ್ಲ!"

ತಾಯಿಯವರು ನಕ್ಕು ಈಳಿಗೆಮಣೆ ಬಿಟ್ಟುಕೊಟ್ಟರು. ದಾನವ್ವ ಹೆಚ್ಚಿದಳು, ಉಪ್ಪು ಸವರಿಟ್ಟಳು, ಸ್ವಲ್ಪ ಹೊತ್ತಿನ ಮೇಲೆ ಎರಡೂ ಕೈಯಿಂದ ಗಟ್ಟಿಯಾಗಿ ಹಿಂಡಿದಳು. ಬಟ್ಟಲಿನಲ್ಲಿ ಹಸಿರು ನೀರು ನಿಂತಿತು. ಅದನ್ನು ಬಚ್ಚಲಿಗೆ ಚೆಲ್ಲಲು ಎದ್ದವಳ ಮುಂಗೈಯನ್ನು ತಾಯಿಯವರು ಹಿಡಿದರು.

"ಅದನ್ನ ಇಲ್ಲಿ ಕೊಡು."

ಬಟ್ಟಲನ್ನೆತ್ತಿ, ತೀರ್ಥ ತೆಗೆದುಕೊಂಡ ಹಾಗೆ ಕುಡಿದುಬಿಟ್ಟರು. ಹುಬ್ಬು ಸಹ ಅಲುಗಲಿಲ್ಲ. "ಅಯ್ಯ ಯವ್ವಾ, ಕಹಿ!" ಎಂದು ದಾನವ್ವ ತನ್ನ ಬಾಯಿಯನ್ನೇ ಮುಚ್ಚಿಕೊಂಡಳು.

"ನಾಲಿಗಿಗೆ ಬೇಕಾದ್ದು ಗಂಡಗ ಬಡಿಸಿದಿ, ಹೊಟ್ಟಿಗೆ ಬೇಕಾದ್ದು ಬಚ್ಚಲಕ್ಕ ಹಾಕಿದಿ. ಬಚ್ಚಲಕ್ಕೇನ್ ಅಜೀರ್ಣ ಆಗಿತ್ತೇನವ್ವಾ?"

"ಗಂಡಗ ಕಹಿ ಹ್ಯಾಂಗ ಬಡಿಸ್ಲೆವ್ವಾ? ಮಂದಿ ಏನಂದಾರು?"

"ಉಣ್ಣಾಂವ ಅವ, ಮಂದಿ ಅಲ್ಲ" ಎಂದರು ತಾಯಿಯವರು.

ಉಳಿದ ಕಾಯಿಗಳನ್ನು ಹಿಂಡದೆಯೇ ಪಲ್ಯ ಮಾಡಿದರು. ಬೆಲ್ಲದ ಹರಳೂ ಬೀಳಲಿಲ್ಲ. ಪಂಕ್ತಿಯಲ್ಲಿ ಎಲ್ಲರಿಗೂ ಮೊದಲ ತುತ್ತು ಅದೇ. ಈರಸಂಗಪ್ಪನ ಪಾಡು ಕೇಳಬೇಡಿ. ಬಿಸಿತುಪ್ಪ ಬಾಯಲ್ಲಿಟ್ಟವನಂತೆ ಉಗುಳಲೂ ಆರ, ನುಂಗಲೂ ಆರ. ಎದ್ದುಬಿಡೋಣವೆಂದರೆ ಎದುರಿಗೇ ಕುಳಿತ ತಾಯಿಯವರು ಅದನ್ನೇ ನಿಧಾನವಾಗಿ ಅಗಿಯುತ್ತ ಅವನನ್ನೇ ನೋಡುತ್ತಿದ್ದಾರೆ. ಕಣ್ಣು ಮುಚ್ಚಿ ನುಂಗಿದ.

ಅಂದು ಪವಾಡವೇನೂ ನಡೆಯಲಿಲ್ಲ. ಕೆಲವು ದಿನ ಇಲ್ಲೇ ಇರಿ ಎಂದು ತಾಯಿಯವರ ಅಪ್ಪಣೆಯಾಯಿತು. ಊಟಕ್ಕೆ ಮೊದಲು ಒಂದು ತುತ್ತು ಕಹಿ, ಇಂದು ಹಾಗಲಕಾಯಿಯಾದರೆ ನಾಳೆ ಮೆಂತ್ಯದ ಸೊಪ್ಪು. ಆಮೇಲೆ ಹಸಿವಿದ್ದಷ್ಟೇ ಜೋಳದ ರೊಟ್ಟಿ, ಮಜ್ಜಿಗೆ. ಬೆಳಗಾದರೆ ಮಠದ ತೋಟಕ್ಕೆ ನೀರು ಹೊರುವ ಕೆಲಸ. ಈರಸಂಗಪ್ಪ ಗೊಣಗಿದ, ಆದರೆ ಹೊತ್ತ. ತೇಗು ನಿಂತಿತು, ಮುಖ ತಿಳಿಯಾಯಿತು. ಒಂದು ಮಧ್ಯಾಹ್ನ ದಾನವ್ವ ಬಡಿಸುತ್ತ ಮುಂದಕ್ಕೆ ಹೋದಾಗ ಹಿಂದಿನಿಂದ ಗಂಡನ ದನಿ ಕೇಳಿತು.

"ಏ, ಇನ್ನೊಂದ ರೊಟ್ಟಿ ಹಾಕ."

ಎಷ್ಟು ದಿನವಾಗಿತ್ತು ಆ ಮಾತು ಕೇಳಿ! ತಿರುಗಿ ಬಂದು ರೊಟ್ಟಿ ಹಾಕಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು, ಮತ್ತೊಂದನ್ನೂ ಹಾಕಿದಳು.

ಸುಗ್ಗಿಯ ಹೊತ್ತಿಗೆ ಗಂಡಹೆಂಡಿರು ಮತ್ತೆ ಮಠಕ್ಕೆ ಬಂದರು. ಈರಸಂಗಪ್ಪನ ಮೈ ತುಂಬಿಕೊಂಡಿತ್ತು. ದಾನವ್ವನ ಕೈಯಲ್ಲಿ ಅದೇ ಡಬ್ಬಿ. ಹೋಳಿಗೆಯಿರಬೇಕೆಂದು ಎಲ್ಲರೂ ಇಣುಕಿದರು. ಒಳಗಿದ್ದದ್ದು ಹಿಂಡದ ಹಾಗಲಕಾಯಿಯ ಪಲ್ಯ! ತಾಯಿಯವರು ಒಂದು ತುತ್ತು ಬಾಯಿಗಿಟ್ಟರು. ಇಟ್ಟದ್ದೇ ತಡ, ಮುಖವೆಲ್ಲ ಕಿವಿಚಿಕೊಂಡು, ಒಂದು ಕಣ್ಣು ಮುಚ್ಚಿ, "ಯಪ್ಪಾ! ಏನ್ ಕಹಿ ಮಾಡೀದೆವ್ವಾ!" ಎಂದರು.

ಅಡುಗೆಮನೆಯೆಲ್ಲ ನಕ್ಕಿತು. ದಾನವ್ವ ಒಬ್ಬಳು ನಗಲಿಲ್ಲ. ಅವಳಿಗೆ ಅಂದಿನ ಬಟ್ಟಲು ನೆನಪಾಗಿತ್ತು.

"ನಿಮಗೂ ಕಹಿ ಹತ್ತತೈತೇನ್ರಿ ಯವ್ವಾ?"

"ನನಗೂ ನಾಲಿಗಿ ಐತಲ್ಲ ಮಗಳ."

ದಾನವ್ವ ಅಲ್ಲೇ ಕುಸಿದು ತಾಯಿಯವರ ಎರಡೂ ಪಾದ ಹಿಡಿದುಕೊಂಡಳು. ಅಷ್ಟೂ ಕಹಿಯನ್ನು ಆ ದಿನ ಮುಖ ಸಿಂಡರಿಸದೆ ಕುಡಿದದ್ದು ತನಗಾಗಿ, ತನ್ನ ಮನೆಯವನ ಒಂದು ರೊಟ್ಟಿಗಾಗಿ ಎಂಬುದು ಅವಳಿಗೆ ಆಗ ತಿಳಿಯಿತು. ತಾಯಿಯವರು ತಲೆ ಸವರಿ, "ಏಳು, ನಿನ್ನ ಹೊಟ್ಟಿ ತಣ್ಣಗಿರಲಿ" ಎಂದು ಹರಸಿ, ಇನ್ನೊಂದು ತುತ್ತು ತೆಗೆದುಕೊಂಡರು.