ಮಾವನ ಹುಳು

ವೇದಾವತಿಯ ದಂಡೆಯಲ್ಲಿ ಪಾಲಾಕ್ಷಪ್ಪ ಮೇಷ್ಟ್ರ ಆಶ್ರಮವಿತ್ತು. ಆಶ್ರಮ ಎಂದು ಕರೆದವರು ಊರಿನವರು. ಅಲ್ಲಿ ದೇವರಿರಲಿಲ್ಲ, ಭಜನೆ ಇರಲಿಲ್ಲ. ಗೋಡೆಯ ತುಂಬ ಗಾಜಿನ ಮುಚ್ಚಳದ ಪೆಟ್ಟಿಗೆಗಳು, ಪೆಟ್ಟಿಗೆಗಳ ತುಂಬ ಸೂಜಿಗೆ ಚುಚ್ಚಿದ ಹುಳುಗಳು ಇದ್ದವು.

ಎಲ್ಲ ಹುಳುವೂ ಅಲ್ಲ, ಮೂತಿಹುಳು ಮಾತ್ರ. ಅಕ್ಕಿಯಲ್ಲಿ ಸಿಗುವ ಕರಿ ಹುಳದ ನೆಂಟರು ಇವು. ಇವಕ್ಕೆ ತಲೆಯ ಮುಂದೆ ಪುಟ್ಟ ಸೊಂಡಿಲಿನ ಹಾಗೆ ಮೂತಿ ಚಾಚಿಕೊಂಡಿರುತ್ತದೆ. ಯಾವುದು ಯಾವ ಜಾತಿ, ಯಾವುದಕ್ಕೆ ಏನು ಹೆಸರು ಎಂದು ಗೊತ್ತುಮಾಡುವುದರಲ್ಲೇ ಮೇಷ್ಟ್ರ ಆಯುಷ್ಯ ಕಳೆದಿತ್ತು.

ದಾಕ್ಷಾಯಿಣಿ ಅವರ ಶಿಷ್ಯೆ. ಬಂದ ದಿನವೇ ಮೇಷ್ಟ್ರು ಅವಳ ಕೈಗೆ ದಾರ ಕಟ್ಟಿದ ಒಂದು ಭೂತಗನ್ನಡಿ ಕೊಟ್ಟರು. ಅದು ಅವರ ಗುರು ಚನ್ನವೀರಯ್ಯನವರದು.

"ಕೊರಳಿಗೆ ಹಾಕ್ಕೋ. ಇದರಲ್ಲಿ ಏನು ಕಾಣುತ್ತೋ ಅದನ್ನ ಹೇಳು. ಇಷ್ಟೇ ಪಾಠ."

ಇಷ್ಟೇ ಆದರೆ ಬೇಗ ಕಲಿತುಬಿಡುತ್ತೇನೆ ಎಂದುಕೊಂಡಳು ದಾಕ್ಷಾಯಿಣಿ.

ಗೋಡೆಯ ಮೇಲಿನ ಒಂದು ಪೆಟ್ಟಿಗೆ ಕಂಡರೆ ಮಾತ್ರ ಅವಳ ಮೈ ಉರಿಯುತ್ತಿತ್ತು. ಅದರಲ್ಲಿ ಉದ್ದ ಮೂತಿಯ ಕಪ್ಪು ಹುಳುಗಳಿದ್ದವು. ಅವುಗಳ ಹೆಸರನ್ನು ಆಶ್ರಮದಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. 'ಮಾವನ ಹುಳು' ಎನ್ನುತ್ತಿದ್ದರು.

ಯಾಕೆಂದು ಕೇಳಿ. ಹೊಳೆದಂಡೆಯ ಹೊಂಗೆಮರಗಳಲ್ಲಿ ಆ ಹುಳುವನ್ನು ಮೊದಲು ಕಂಡವರು ಪಾಲಾಕ್ಷಪ್ಪ ಮೇಷ್ಟ್ರು. ಇಂಥದೊಂದು ಜೀವ ಇದೆಯೆಂದು ಅಲ್ಲಿಯತನಕ ಯಾವ ವಿದ್ವಾಂಸನಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಪಟ್ಟಣದಿಂದ ಪ್ರೊಫೆಸರ್ ಮೃತ್ಯುಂಜಯ ಎಂಬುವರು ಬಂದರು. ಮೇಷ್ಟ್ರ ಮನೆಯ ರೊಟ್ಟಿ ತಿಂದರು, ಬಾಯಿತುಂಬ ಹೊಗಳಿದರು, ನೋಡಿ ವಾಪಸು ಕೊಡುತ್ತೇನೆ ಎಂದು ಹುಳುಗಳನ್ನು ಡಬ್ಬಿಯಲ್ಲಿ ಒಯ್ದರು. ಹೋದವರೇ ತಾವೇ ಕಂಡೆವೆಂದು ಬರೆದು, ಹುಳುವಿಗೆ ತಮ್ಮ ಮಾವ ಕೊಟ್ರಪ್ಪನವರ ಹೆಸರಿಟ್ಟು ಅಚ್ಚುಹಾಕಿಸಿಬಿಟ್ಟರು.

ಈ ಕೊಟ್ರಪ್ಪ ಯಾರು? ಕಂಟ್ರಾಕ್ಟರು. ಜಿರಲೆ ಕಂಡರೆ ಮಂಚ ಹತ್ತುವ ಮನುಷ್ಯ. ಅಂಥವನ ಹೆಸರು ಹೊತ್ತುಕೊಂಡು ಆ ಬಡಪಾಯಿ ಹುಳು ಹೊಂಗೆಮರದಲ್ಲಿ ಓಡಾಡಬೇಕಾಯಿತು.

ಬದಲಾಯಿಸಬಾರದೇ ಎಂದರೆ, ಆಗದು. ಈ ವಿದ್ಯೆಗೊಂದು ಕಟ್ಟಳೆ ಇದೆ. ಒಂದು ಜೀವಕ್ಕೆ ಲೋಕದಲ್ಲೆಲ್ಲ ಒಂದೇ ಹೆಸರು, ಮೊದಲು ಅಚ್ಚಾದದ್ದೇ ಹೆಸರು. ಇಟ್ಟವನು ಎಂಥವನು ಎಂದು ಆ ಕಟ್ಟಳೆ ಕೇಳುವುದಿಲ್ಲ.

ಕೆಲವು ಕಾಲದ ಮೇಲೆ ಮೇಷ್ಟ್ರಿಗೆ ಅದೇ ದಂಡೆಯಲ್ಲಿ ಇನ್ನೊಂದು ಬಗೆ ಸಿಕ್ಕಿತು. ಗಿಡ್ಡ ಮೂತಿ, ಕಂದು ಮೈ. ಅದಕ್ಕೆ ಅವರು ತಮ್ಮ ಗುರು ಚನ್ನವೀರಯ್ಯನವರ ಹೆಸರಿಟ್ಟರು, ಅಚ್ಚೂ ಹಾಕಿಸಿದರು. ಹುಳು ನೋಡಿ ನೋಡಿಯೇ ಕಣ್ಣು ಕಳೆದುಕೊಂಡು ಸತ್ತ ಮುದುಕ ಅವರು. ಅವರ ಹೆಸರು ಭೂಮಿಯ ಮೇಲೆ ಉಳಿದದ್ದು ಆ ಹುಳುವಿನಲ್ಲಿ ಮಾತ್ರ.

ಒಂದು ದಿನ ದಾಕ್ಷಾಯಿಣಿಗೆ ತಡೆಯಲಾಗಲಿಲ್ಲ.

"ಮೇಷ್ಟ್ರೇ, ಆ ಮೃತ್ಯುಂಜಯನ ಮೇಲೆ ನಿಮಗೆ ಸಿಟ್ಟೇ ಬರಲ್ವಾ?"

"ಬರುತ್ತೆ."

"ಮತ್ತೆ ಸುಮ್ನೆ ಇದ್ದೀರಲ್ಲ?"

"ಎಲ್ಲಿ ಸುಮ್ನಿದ್ದೀನಿ? ದಿನಾ ಬೈತೀನಿ, ಸ್ನಾನ ಮಾಡುವಾಗ. ನಿನಗೆ ಕೇಳಿಸಿಲ್ಲ ಅಷ್ಟೆ."

"ಬೈದರೆ ಆಯ್ತಾ?"

"ಪೆಟ್ಟಿಗೆಗಳ ಮೇಲೆ ಧೂಳು ಕೂತಿದೆ. ಒರೆಸು."

ಅವಳು ಎಲ್ಲ ಪೆಟ್ಟಿಗೆಗಳನ್ನೂ ಒರೆಸಿದಳು. ಮಾವನ ಹುಳದ ಪೆಟ್ಟಿಗೆಯನ್ನು ಬೇಕೆಂದೇ ಬಿಟ್ಟಳು.

ಮೇಷ್ಟ್ರು ಎದ್ದು, ಹೆಗಲ ಮೇಲಿನ ಟವಲು ತೆಗೆದು, ಅದನ್ನು ತಾವೇ ಒರೆಸಿದರು.

ಹೊಂಗೆಮರ ಕಾಯಿಬಿಟ್ಟ ಕಾಲಕ್ಕೆ ಮೇಷ್ಟ್ರು ಅವಳಿಗೊಂದು ಕೆಲಸ ಕೊಟ್ಟರು.

"ಮಾವನ ಹುಳು ಹೊಂಗೆಕಾಯಿ ಕೊರೆದು ಮೊಟ್ಟೆ ಇಡೋದನ್ನ ನಾನು ಕಂಡಿದ್ದೀನಿ. ನಮ್ಮ ಚನ್ನವೀರಯ್ಯನವರ ಹುಳು ಏನನ್ನೂ ಕೊರೆದದ್ದು ಕಂಡಿಲ್ಲ. ಅದು ಎಲ್ಲಿ ಮೊಟ್ಟೆ ಇಡುತ್ತೆ? ನೋಡಿ ಹೇಳು."

ಅವಳು ಒಂದೇ ಮರದಿಂದ ಕಾಯಿ ಕಿತ್ತು ಗಾಜಿನ ಭರಣಿಯಲ್ಲಿ ಹಾಕಿ, ಬಾಯಿಗೆ ತೆಳುಬಟ್ಟೆ ಕಟ್ಟಿ, ಹುಳು ಹೊರಬರುವುದನ್ನು ಕಾದಳು.

ಹುಳು ಬಂದವು. ಉದ್ದ ಮೂತಿಯವೂ ಬಂದವು, ಗಿಡ್ಡ ಮೂತಿಯವೂ ಬಂದವು. ಒಂದೇ ಕಾಯಿಯ ಎರಡು ಬೀಜಗಳಿಂದ ಒಂದೊಂದು ಬಂದದ್ದನ್ನೂ ಅವಳು ಕಂಡಳು.

ಆಮೇಲೆ ಇನ್ನೊಂದು ಕಂಡಳು. ಉದ್ದ ಮೂತಿಯದು ಹೊಸ ಕಾಯಿಗೆ ಮೂತಿ ಊರಿ ಕೊರೆಯುತ್ತಿತ್ತು. ಗಿಡ್ಡ ಮೂತಿಯದು ಅದರ ಬೆನ್ನೇರಿ ಕೂತಿತ್ತು. ಅವಳು ಭೂತಗನ್ನಡಿ ಹಿಡಿದು ಹತ್ತಿರದಿಂದ ನೋಡಿದಳು. ಎರಡೂ ಕೂಡಿದ್ದವು.

ಎರಡು ಜಾತಿಯೇ ಇರಲಿಲ್ಲ. ಒಂದು ಹೆಣ್ಣು, ಒಂದು ಗಂಡು.

ಸಂತೋಷಪಡಬೇಕಾದ ಹೊತ್ತು ಅದು. ಅವಳು ಮಾತ್ರ ಭೂತಗನ್ನಡಿ ಕೆಳಗಿಳಿಸಿದಳು. ಜಾತಿ ಒಂದೇ ಆದರೆ ಹೆಸರೂ ಒಂದೇ. ಮೊದಲು ಅಚ್ಚಾದದ್ದು ಇರಬೇಕು, ಆಮೇಲಿನದು ಹೋಗಬೇಕು. ಚನ್ನವೀರಯ್ಯ ಹೋಗಬೇಕು, ಜಿರಲೆಗೆ ಹೆದರುವ ಕೊಟ್ರಪ್ಪ ಇರಬೇಕು! ಕದ್ದವನು ಕೂತಲ್ಲೇ ಇನ್ನೊಮ್ಮೆ ಗೆಲ್ಲಬೇಕು, ಅದೂ ತನ್ನ ಕೈಯಿಂದ!

'ನಾನು ಬದುಕಿರುವತನಕ ಆಗಗೊಡಲ್ಲ' ಎಂದುಕೊಂಡಳು.

ಎರಡು ಭರಣಿ ಮಾಡಿದಳು. ಉದ್ದ ಮೂತಿಯವನ್ನು ಒಂದಕ್ಕೆ ಹಾಕಿದಳು, ಗಿಡ್ಡ ಮೂತಿಯವನ್ನು ಇನ್ನೊಂದಕ್ಕೆ ಹಾಕಿದಳು. ಹಳೆಯ ಕಾಯಿಗಳನ್ನೆಲ್ಲ ಒಲೆಗೆ ಸುರಿದು ಮೇಷ್ಟ್ರ ಮುಂದೆ ನಿಂತಳು.

"ಎರಡೂ ಬೇರೆ ಬೇರೆ ಮರದಲ್ಲಿ ಸಿಕ್ಕವು ಮೇಷ್ಟ್ರೇ."

ಮೇಷ್ಟ್ರು ಅವಳ ಮುಖ ನೋಡಿದರು, ಭರಣಿಗಳನ್ನು ನೋಡಿದರು.

"ಸರಿ. ಎರಡಕ್ಕೂ ಒಳ್ಳೆ ಕಾಯಿ ಹಾಕು. ಮರಿ ಬರೋ ತನಕ ನೋಡ್ಕೋ."

ಅವಳು ನೋಡಿಕೊಂಡಳು. ಉದ್ದ ಮೂತಿಯವುಗಳ ಭರಣಿಯಲ್ಲಿ ಕಾಯಿಗಳಿಗೆಲ್ಲ ತೂತು ಬಿತ್ತು. ಗಿಡ್ಡ ಮೂತಿಯವು ಮಾತ್ರ ಕಾಯಿಯ ಗೊಡವೆಗೇ ಹೋಗಲಿಲ್ಲ. ಬೆಳಗಿನಿಂದ ಸಂಜೆಯತನಕ ಗಾಜು ಹತ್ತುವುದು, ಜಾರುವುದು, ಮತ್ತೆ ಹತ್ತುವುದು. ಬಟ್ಟೆಯ ಹತ್ತಿರ ಹೋಗಿ ಆಚೆಯ ಭರಣಿಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದವು. ಅವಳು ನಡುವೆ ಒಂದು ರಟ್ಟು ಇಟ್ಟಳು.

ದಿನ ಕಳೆದವು. ಗಿಡ್ಡ ಮೂತಿಯವು ಒಂದೊಂದಾಗಿ ಸಾಯತೊಡಗಿದವು.

ಅದೇ ಸಮಯಕ್ಕೆ ಉದ್ದ ಮೂತಿಯವುಗಳ ಭರಣಿಯಲ್ಲಿ ಮರಿಪೀಳಿಗೆ ಹೊರಬಂತು. ಬೇರೆ ಮಾಡುವ ಮೊದಲೇ ಬಸಿರಾಗಿದ್ದವು, ಪಾಪ. ಬಂದವುಗಳಲ್ಲಿ ಅರ್ಧದಷ್ಟು ಉದ್ದ ಮೂತಿ, ಅರ್ಧದಷ್ಟು ಗಿಡ್ಡ ಮೂತಿ. ಮಾವನ ಹುಳದ ಹೊಟ್ಟೆಯಲ್ಲಿ ಚನ್ನವೀರಯ್ಯನವರ ಹುಳು ಹುಟ್ಟಿತ್ತು.

ದಾಕ್ಷಾಯಿಣಿ ಹಟಮಾರಿ. ಮೇಷ್ಟ್ರು ಬೆಳಗ್ಗೆ ಹೊಳೆಗೆ ಹೋದ ಹೊತ್ತಿನಲ್ಲಿ ಗಿಡ್ಡ ಮೂತಿಯವನ್ನು ಚಿಮಟದಿಂದ ಆಯ್ದು ಆಯ್ದು ಆಚೆಯ ಭರಣಿಗೆ ಹಾಕುತ್ತಾ ಬಂದಳು.

ಒಂದು ಬೆಳಗ್ಗೆ ಮೇಷ್ಟ್ರು ಹೊಳೆಗೆ ಹೋಗಲಿಲ್ಲ. ಗಿಡ್ಡ ಮೂತಿಯವುಗಳ ಭರಣಿಯಿಂದ ಕಾಯಿಗಳನ್ನೆಲ್ಲ ತೆಗೆದು ಮೊರದ ಮೇಲೆ ಹರವಿಕೊಂಡು ಕೂತಿದ್ದರು.

"ಬಾ ಇಲ್ಲಿ. ಇದರಲ್ಲಿ ಒಂದು ತೂತು ತೋರಿಸು."

ಅವಳು ಒಂದು ಕಾಯಿ ಎತ್ತಿ ತಿರುಗಿಸಿ ತಿರುಗಿಸಿ ನೋಡಿದಳು.

"ಒಂದು ಕಾಯಿಗೂ ತೂತಿಲ್ಲ. ಹುಳು ಮಾತ್ರ ದಿನಾ ಹೆಚ್ಚಿವೆ. ಆಕಾಶದಿಂದ ಉದುರಿದವಾ?"

ಅವಳು ಕಾಯಿಯನ್ನು ಮೊರಕ್ಕೆ ವಾಪಸು ಹಾಕಿದಳು.

"ಕೇಳ್ತಿರೋದು ನಿನ್ನನ್ನೇ. ಉದುರಿದವಾ?"

"ಇಲ್ಲ. ನಾನೇ ಹಾಕಿದೆ." ಅವಳು ತಲೆಯೆತ್ತಿದಳು. "ಹೌದು, ನಾನೇ ಹಾಕಿದೆ! ಎರಡೂ ಒಂದೇ ಜಾತಿ. ಕಣ್ಣಾರೆ ಕಂಡೆ. ಕಂಡು ಮುಚ್ಚಿಟ್ಟೆ. ಇನ್ನೇನು ಮಾಡಬೇಕಿತ್ತು ಮೇಷ್ಟ್ರೇ? ಉಂಡ ಮನೆಗೆ ಕನ್ನ ಹಾಕಿದವನ ಕೈಗೆ ಚನ್ನವೀರಯ್ಯನವರ ಹೆಸರನ್ನೂ ಎತ್ತಿಕೊಡಬೇಕಿತ್ತಾ? ಇದು ನ್ಯಾಯಾನಾ?"

"ಅಲ್ಲ."

"ಮತ್ತೆ?"

ಪಾಲಾಕ್ಷಪ್ಪ ಮೇಷ್ಟ್ರು ಎದ್ದು ನಿಂತರು. ಅವರ ಸಿಟ್ಟನ್ನು ಅವಳು ಅಲ್ಲಿಯತನಕ ಕಂಡಿರಲಿಲ್ಲ.

"ಅವನು ನನ್ನ ಹುಳು ಕದ್ದ. ನೀನು ಹುಳದ ಹೆಂಡತಿಯನ್ನೇ ಕದ್ದೆಯಲ್ಲವ್ವ!"

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ನಾನು ನಿಮಗೋಸ್ಕರ..."

"ನನಗೋಸ್ಕರ! ಮೃತ್ಯುಂಜಯನೂ ಮಾವನಿಗೋಸ್ಕರ ಮಾಡಿದ. ನೋಡು ಆ ಗಾಜಿನ ಕಡೆ. ಇಷ್ಟು ದಿನ ಗೋಡೆ ಹತ್ತಿ ಹತ್ತಿ ಜಾರಿ ಸತ್ತವಲ್ಲ, ಅವಕ್ಕೆ ಯಾರ ಗುರು ಗೊತ್ತು, ಯಾರ ಮಾವ ಗೊತ್ತು? ನಮ್ಮ ಜಗಳ ನಮ್ಮದು. ಅದನ್ನ ತಂದು ಆ ಹುಳದ ತಲೆಗೆ ಯಾಕೆ ಕಟ್ಟಿದೆ?"

ದಾಕ್ಷಾಯಿಣಿ ಅಳತೊಡಗಿದಳು. ಅಳುತ್ತಲೇ ಕೇಳಿದಳು, "ನಿಮಗೆ ಮೊದಲೇ ಗೊತ್ತಿತ್ತಾ ಮೇಷ್ಟ್ರೇ?"

ಮೇಷ್ಟ್ರು ಮತ್ತೆ ಮೊರದ ಮುಂದೆ ಕೂತರು.

"ಗೊತ್ತಾಗಬೇಕಿತ್ತು," ಎಂದರು. "ಆ ಗಿಡ್ಡ ಮೂತಿ ಸಿಕ್ಕಾಗ ನನಗೆ ಕಣ್ಣಿಗಿಂತ ಸಿಟ್ಟೇ ಮುಂದಿತ್ತು. ಅವನ ಹುಳಕ್ಕೂ ನನ್ನ ಹುಳಕ್ಕೂ ನೆಂಟಸ್ತಿಕೆ ಇರಬಾರದು ಅಂತ ಹಟ ಹಿಡಿದು ನೋಡಿದೆ. ಬೇರೆಯಾಗೇ ಕಾಣಿಸ್ತು. ಒಂದು ಭರಣಿಯಲ್ಲಿ ಎರಡನ್ನೂ ಹಾಕಿ ನೋಡುವ ಧೈರ್ಯ ನನಗೆ ಬರಲಿಲ್ಲ. ನಿನಗೆ ಬಂತು. ಬಂದೂ ಸುಳ್ಳು ಹೇಳಿದೆ."

"ನನ್ನದು ತಪ್ಪಾಯ್ತು."

"ಯಾವ ಗಾಜಿನಲ್ಲಿ ನೋಡಿದೆ?"

ಅವಳ ಕೈ ಕೊರಳಿಗೆ ಹೋಯಿತು. "ಚನ್ನವೀರಯ್ಯನವರ ಭೂತಗನ್ನಡೀಲಿ."

"ಅದರಲ್ಲಿ ಕಂಡದ್ದನ್ನ ಮುಚ್ಚಿಟ್ಟು ಅವರ ಹೆಸರು ಉಳಿಸೋಕೆ ಹೊರಟೆ."

ಅವಳು ಭೂತಗನ್ನಡಿಯನ್ನು ಕೊರಳಿನಿಂದ ತೆಗೆದು ಅವರ ಕಡೆ ಚಾಚಿದಳು. ಮೇಷ್ಟ್ರು ಅದನ್ನು ಮುಟ್ಟಲಿಲ್ಲ.

"ಇಟ್ಕೋ. ಕೆಲಸ ಇದೆ."

ನಡುವಿನ ರಟ್ಟನ್ನು ಅವಳೇ ತೆಗೆದಳು. ಎರಡು ಭರಣಿಗಳ ಹುಳುಗಳನ್ನೂ ಒಂದೇ ಭರಣಿಗೆ ಸುರಿದಳು. ಉಳಿದಿದ್ದ ಗಿಡ್ಡ ಮೂತಿಯವು ಗಾಜು ಹತ್ತುವುದನ್ನು ಬಿಟ್ಟು ಕಾಯಿಗಳ ಕಡೆ ಇಳಿದವು.

ಮೇಷ್ಟ್ರು ಗೋಡೆಯಿಂದ ಎರಡು ಪೆಟ್ಟಿಗೆ ಇಳಿಸಿದರು. ತಮ್ಮ ಗುರುವಿನ ಹೆಸರಿದ್ದ ಪೆಟ್ಟಿಗೆ ತೆರೆದು, ಗಿಡ್ಡ ಮೂತಿಯ ಹುಳುಗಳನ್ನು ಒಂದೊಂದೇ ಸೂಜಿಯ ಸಮೇತ ಎತ್ತಿ, ಮಾವನ ಹುಳದ ಪೆಟ್ಟಿಗೆಯಲ್ಲಿ ಉದ್ದ ಮೂತಿಯವುಗಳ ಪಕ್ಕದಲ್ಲಿ ನೆಟ್ಟರು. ಕೊನೆಗೆ ಖಾಲಿ ಪೆಟ್ಟಿಗೆಯ ತಳದಲ್ಲಿದ್ದ ಹೆಸರಿನ ಚೀಟಿ ಬಿಡಿಸಿಕೊಂಡರು. ಅದನ್ನು ಎರಡು ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡು ಜೇಬಿಗೆ ಹಾಕಿಕೊಂಡರು. ದಾಕ್ಷಾಯಿಣಿಗೆ ಅದನ್ನು ನೋಡಲಾಗಲಿಲ್ಲ.

"ಇನ್ನು ಕೂತು ಬರಿ. ಎರಡೂ ಒಂದೇ, ಆಮೇಲಿನ ಹೆಸರು ಸಲ್ಲದು ಅಂತ ಲೇಖನ ಬರಿ. ಅಚ್ಚಿಗೆ ಕಳಿಸು."

"ನಾನಾ? ನೀವೇ ಬರೀರಿ ಮೇಷ್ಟ್ರೇ. ನನ್ನ ಕೈಯಿಂದ ಅದು ಬೇಡ."

"ಕಂಡವಳು ನೀನು. ನಾನು ಬರೆದರೆ ನಾನೂ ಮೃತ್ಯುಂಜಯನೇ."

ಅವಳು ಒಪ್ಪಿದಳು.

"ಮೊದಲು ಪೆಟ್ಟಿಗೆಗೆ ಹೊಸ ಚೀಟಿ ಬರಿ."

ಅವಳು ಬಿಳಿ ರಟ್ಟಿನ ಚೂರು ತೆಗೆದುಕೊಂಡಳು. ಪೆನ್ನು ಮಸಿಗೆ ಅದ್ದಿದಳು. ಆಶ್ರಮದಲ್ಲಿ ಯಾರೂ ಬಾಯಿಬಿಟ್ಟು ಹೇಳದ ಹೆಸರನ್ನು ಬರೆಯಬೇಕಾಗಿತ್ತು. ಮಾವ ಕೊಟ್ರಪ್ಪನ ಹೆಸರು, ಅದರ ಹಿಂದೆ ಕಟ್ಟಳೆಯ ಪ್ರಕಾರ ಹೆಸರಿಟ್ಟ ಮೃತ್ಯುಂಜಯನ ಹೆಸರು. ಹಲ್ಲು ಕಚ್ಚಿಕೊಂಡು ಬರೆದಳು. ನಿಬ್ಬು ರಟ್ಟನ್ನು ಗೀರಿತು, ಮಸಿ ಹರಡಿತು. ಬರೆದದ್ದನ್ನು ಮೇಷ್ಟ್ರ ಮುಂದೆ ನೂಕಿದಳು.

ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು ಓದಿದರು. ಹರಿದು ಹಾಕಿದರು. ಹೊಸ ರಟ್ಟಿನ ಚೂರೊಂದನ್ನು ಅವಳ ಮುಂದಿಟ್ಟರು.

"ಅಕ್ಷರ ಸೊಟ್ಟಗಿದೆ. ಹುಳ ಏನು ತಪ್ಪು ಮಾಡಿತ್ತವ್ವ? ಇನ್ನೊಂದು ಸಲ ಬರಿ, ಚಂದಾಗಿ ಬರಿ."