ಟಿಟ್ಟಿಭ ಮೊಟ್ಟೆ ಇಲ್ಲದ ಕಡೆ ಕಿರುಚುವುದೇಕೆ?

ಗುಂಜಿ ಎಂಬ ಹುಡುಗಿಗೊಂದು ಅಭ್ಯಾಸವಿತ್ತು. ಯಾರಾದರೂ ಮಾತನಾಡಿಸಿದರೆ ಸಾಕು, ತಲೆ ತಗ್ಗಿಸಿ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತಾ ನಿಂತುಬಿಡುತ್ತಿದ್ದಳು. ನಾಚಿಕೆಯವರೆಲ್ಲ ಮಾಡುವುದು ಇದನ್ನೇ. ಆದರೆ ಬೇರೆಯವರು ಕೆರೆದರೆ ಗೀಟು ಮೂಡುತ್ತಿತ್ತು, ಗುಂಜಿ ಕೆರೆದರೆ ಚಿತ್ರ ಮೂಡುತ್ತಿತ್ತು. ಅದೂ ಎಂಥ ಚಿತ್ರ! ನೋಡಿದವರು ಹೊಟ್ಟೆ ಹಿಡಿದುಕೊಂಡು ನಗಬೇಕು, ಅಂಥದ್ದು.

ಆಗ ಲೋಕ ಇನ್ನೂ ಹೊಸತು. ಬೆಟ್ಟಗಳ ಮೈ ಇನ್ನೂ ಬೆಚ್ಚಗಿತ್ತು. ಹೊಳೆಗೆ ಯಾವ ಕಡೆ ಹರಿಯಬೇಕೆಂಬುದು ಸರಿಯಾಗಿ ರೂಢಿಯಾಗಿರಲಿಲ್ಲ. ಬೆಳಿಗ್ಗೆ ಎದ್ದು ಗಾಳಿಯನ್ನು ಕೇಳಿಕೊಂಡು ಹೊರಡುತ್ತಿತ್ತು. ಪ್ರಾಣಿ, ಪಕ್ಷಿ, ಮನುಷ್ಯ, ಎಲ್ಲರದೂ ಒಂದೇ ಮಾತು. ಮಾತು ಒಂದೇ ಆದರೂ ಯಾರಿಗೂ ಯಾರ ವಿಷಯವೂ ಗೊತ್ತಿರಲಿಲ್ಲ. ಎಲ್ಲರೂ ಹೊಸಬರು ನೋಡಿ!

ಗೂಬೆ ಕತ್ತನ್ನು ಹಿಂದಕ್ಕೆ ತಿರುಗಿಸಿದರೆ, "ಅಬ್ಬಾ, ಎಂಥ ಜಂಬ! ಹೇಗೆ ಮುಖ ತಿರುಗಿಸ್ಕೊಂಡ್ತು ನೋಡು," ಎಂದು ಅಳಿಲು ಮುನಿಸಿಕೊಳ್ಳುತ್ತಿತ್ತು. ಗುಂಜಿ ಮಾತ್ರ ಸುಮ್ಮನೆ ಕೂತು ನೋಡುತ್ತಿದ್ದಳು. ನೋಡೀ ನೋಡೀ ಅವಳಿಗೆ ಗೊತ್ತಾಯಿತು, ಗೂಬೆಯ ಕಣ್ಣುಗುಡ್ಡೆ ಆಚೀಚೆ ಹೊರಳುವುದೇ ಇಲ್ಲ. ಪಾಪ, ಅದಕ್ಕೇ ಇಡೀ ಕತ್ತು ತಿರುಗಿಸಬೇಕು.

ಬಾಯಿಬಿಟ್ಟು ಹೇಳಲು ನಾಚಿಕೆ. ಹೊಳೆದಂಡೆಯ ದೊಡ್ಡ ಬಂಡೆಯ ಮೇಲೆ ಕೆಮ್ಮಣ್ಣಿನಲ್ಲಿ ಬರೆದಳು. ಹಿಂಡಿದ ಬಟ್ಟೆಯಂತೆ ಕತ್ತು ತಿರುಚಿಕೊಂಡ ಗೂಬೆ, ತನ್ನ ಬೆನ್ನ ಮೇಲೆ ಕೂತ ನೊಣವನ್ನೇ ದುರುಗುಟ್ಟಿ ನೋಡುತ್ತಿದೆ! ಅಳಿಲು ನಕ್ಕು ನಕ್ಕು ಕೊಂಬೆಯಿಂದ ಕೆಳಗೆ ಬಿತ್ತು. ಗೂಬೆಯೂ ನಕ್ಕಿತು. ಮುನಿಸು ಅಲ್ಲಿಗೇ ಮುಗಿಯಿತು.

ಆಮೇಲೆ ಕೊಕ್ಕರೆಯ ಚಿತ್ರ ಬಂತು. ಒಂಟಿ ಕಾಲಲ್ಲಿ ನಿಂತ ಕೊಕ್ಕರೆ, ಇನ್ನೊಂದು ಕಾಲಿಗೆ ಕಂಬಳಿ ಹೊದಿಸಿ ಮಲಗಿಸಿದೆ. ಕಾಲು ಬೆಚ್ಚಗಿರಲಿ ಅಂತ ಅದು ಹಾಗೆ ಮಡಚಿಕೊಳ್ಳುತ್ತದೆಂದು ಎಲ್ಲರಿಗೂ ತಿಳಿಯಿತು. ನಕ್ಕು ಕಲಿತದ್ದು ಯಾರಿಗೂ ಮರೆಯಲಿಲ್ಲ.

ಒಂದು ಬೇಸಿಗೆಯ ಬೆಳಿಗ್ಗೆ ಟಿಟ್ಟಿಭಕ್ಕ ಬಂದಳು. ಆಗಿನ ಟಿಟ್ಟಿಭ ಬಲು ಗಾಂಭೀರ್ಯದ ಹಕ್ಕಿ. ಉದ್ದನೆಯ ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು ತೊಗಲಿನ ಅಲಂಕಾರ, ಮಾತೋ ಬರೀ ಪಿಸುಮಾತು.

"ಗುಂಜಿ, ನನ್ನ ಮೊಟ್ಟೆ ಉಳಿಸಿಕೊಡೇ," ಎಂದು ಪಿಸುಗುಟ್ಟಿದಳು.

ಟಿಟ್ಟಿಭಕ್ಕನಿಗೆ ಮರದಲ್ಲಿ ಗೂಡು ಕಟ್ಟಲು ಬಾರದು. ಬಯಲಿನಲ್ಲೇ ಸಣ್ಣ ಗುಳಿ ಮಾಡಿ, ಸುತ್ತ ಕಲ್ಲಿನ ಚೂರು ಜೋಡಿಸಿ, ನಡುವೆ ಮೊಟ್ಟೆ ಇಡುತ್ತಿದ್ದಳು. ಮೊಟ್ಟೆಯೂ ಕಲ್ಲಿನ ಬಣ್ಣದ್ದೇ, ಮೈತುಂಬ ಕಪ್ಪು ಚುಕ್ಕೆ. ನೀರಿಗೆ ಹೋಗುವ ಎಮ್ಮೆಗಳಿಗೆ ಗೊತ್ತಾಗುವುದಾದರೂ ಹೇಗೆ? ಹೋದ ಬೇಸಿಗೆಯಲ್ಲಿ ಅವುಗಳ ತುಳಿತಕ್ಕೆ ಸಿಕ್ಕಿ ಒಂದು ಮೊಟ್ಟೆಯೂ ಉಳಿದಿರಲಿಲ್ಲ.

"ಎಮ್ಮೆ ದೊಡ್ಡಮ್ಮನಿಗೆ ಹೇಳ್ಲಿಲ್ವಾ ಅಕ್ಕ?"

"ಹೇಳ್ದೆ ಕಣೇ. ಕಿವಿ ಹತ್ರ ನೊಣ ಬಂತು ಅಂತ ತಲೆ ಒದರಿದಳು."

ಗುಂಜಿಗೆ ನಗು ಬಂತು. ತುಟಿ ಕಚ್ಚಿಕೊಂಡಳು.

"ನೀನು ಚಿತ್ರ ಬರಿ. ಆದ್ರೆ ನನ್ನನ್ನ ನಗೆಪಾಟಲು ಮಾಡ್ಬೇಡ. ನಾನು ಮರ್ಯಾದಸ್ಥೆ."

"ನಿಮ್ಮನ್ನಲ್ಲ ಅಕ್ಕ, ಎಮ್ಮೆಯನ್ನೇ ಬರೀತೀನಿ," ಎಂದಳು ಗುಂಜಿ, ಕೇಳಿಸಿಯೂ ಕೇಳಿಸದ ಹಾಗೆ.

ಗುಂಜಿ ಹೋಗಿ ಗೂಡನ್ನು ಕಣ್ತುಂಬ ನೋಡಿ ಬಂದಳು. ಮಳೆಗೆ ಅಳಿಸದಿರಲಿ ಎಂದು ಕೆಮ್ಮಣ್ಣಿಗೆ ಮರದ ಅಂಟು ಬೆರೆಸಿದಳು. ಎಮ್ಮೆಯ ಕಾಲನ್ನು ಬಂಡೆಯ ಅರ್ಧದಷ್ಟು ದಪ್ಪ ಬರೆದಳು. ಅದರ ಕೆಳಗೆ ಕಲ್ಲುಗಳು ಹಾಯಾಗಿ ಮಲಗಿವೆ. ಮೊಟ್ಟೆಗಳು ಮಾತ್ರ ಕಣ್ಣರಳಿಸಿ ಒಂದನ್ನೊಂದು ತಬ್ಬಿಕೊಂಡಿವೆ. ಪಕ್ಕದಲ್ಲಿ ಒಂದು ಹುತ್ತ, ಆ ಕಡೆ ಒಂದು ಕಾರೆಗಿಡ. ಗೂಡು ಎಲ್ಲಿತ್ತೋ ಅಲ್ಲೇ. ಇದ್ದದ್ದನ್ನು ಇದ್ದ ಹಾಗೆ ತೋರಿಸದಿದ್ದರೆ ಗುಂಜಿಗೆ ಸಮಾಧಾನವಿಲ್ಲ.

ಎಮ್ಮೆಗಳು ನೀರಿಗೆ ಬಂದವು. ಬಂಡೆಯ ಮುಂದೆ ನಿಂತವು.

"ಅಯ್ಯೋ, ಇದು ನಮ್ಮ ದೊಡ್ಡಮ್ಮನ ಕಾಲಲ್ವೇನ್ರೇ!"

"ನಿನ್ನ ಕಾಲೇನು ಹುಲ್ಲುಕಡ್ಡಿನಾ, ಸುಮ್ನಿರು!"

ನಕ್ಕವು, ಮೂಗಿನಲ್ಲಿ ನೀರು ಬರುವಷ್ಟು ನಕ್ಕವು. ಆಮೇಲೆ ಎಮ್ಮೆ ದೊಡ್ಡಮ್ಮ ತಟ್ಟನೆ ಸುಮ್ಮನಾದಳು. "ಹಾಗಾದ್ರೆ ನಾವು ತುಳಿದದ್ದು ಕಲ್ಲಲ್ವಾ?" ಎಂದಳು. ಅಂದು ಹಿಂಡಿಗೆ ಹಿಂಡೇ ಬಯಲನ್ನು ಬಳಸಿಕೊಂಡು ಹೋಯಿತು.

ಗುಂಜಿಗೆ ಹಿಗ್ಗೋ ಹಿಗ್ಗು. ಆದರೆ ನಗು ಕೇಳಿ ಇನ್ನೂ ಒಬ್ಬ ಬಂದಿದ್ದ. ಮುಂಗುಸಿ ಮಾಮ.

ಅವನು ಚಿತ್ರವನ್ನು ಹತ್ತಿರದಿಂದ ನೋಡಿದ, ದೂರದಿಂದ ನೋಡಿದ. ಮೀಸೆ ನೀವಿಕೊಂಡ.

"ಏನ್ ಚೆನ್ನಾಗಿ ಬರೆದಿದ್ದೀಯಮ್ಮಾ! ಹುತ್ತಕ್ಕೂ ಕಾರೆಗಿಡಕ್ಕೂ ನಡುವೆ ಅಲ್ವಾ? ಇಷ್ಟು ದಿನ ಮೂಸಿ ಮೂಸಿ ನನ್ನ ಮೂಗೇ ಸವೆದುಹೋಗಿತ್ತು."

ಗುಂಜಿ ಬಂಡೆಯತ್ತ ಧಾವಿಸಿದಳು. ಅಂಗೈಯಿಂದ ಬಂಡೆ ಉಜ್ಜಿದಳು. ಅಂಟು ಬೆರೆಸಿದ ಬಣ್ಣ, ಜಪ್ಪಯ್ಯ ಅಂದರೂ ಹೋಗಲಿಲ್ಲ.

"ಉಜ್ಜಿ ಏನು ಮಾಡ್ತೀಯಾ? ನನಗೆ ಬಾಯಿಪಾಠ ಆಯ್ತು. ನಾನೇನು ಕೆಟ್ಟವನಲ್ಲ ಮಗಾ, ಹಸಿದವನು ಅಷ್ಟೇ. ಬಾಯಾರಿಕೆ ಬೇರೆ, ನೀರು ಕುಡಿದು ಹೋಗ್ತೀನಿ," ಎಂದು ಅವನು ಹೊಳೆಗಿಳಿದ.

ಗುಂಜಿ ಓಡಿದಳು. ಟಿಟ್ಟಿಭಕ್ಕ ಎದೆಯ ಗರಿಗಳನ್ನು ನೀರಲ್ಲಿ ನೆನೆಸಿಕೊಂಡು ಬಂದು, ಬಿಸಿಲಿಗೆ ಕಾದ ಮೊಟ್ಟೆಗಳನ್ನು ತಂಪು ಮಾಡುತ್ತಿದ್ದಳು.

"ಅಕ್ಕಾ, ಮುಂಗುಸಿ ಮಾಮ ಬರ್ತಿದ್ದಾನೆ! ತಪ್ಪು ನಂದೇ, ಜಾಗ ಬರೆದುಬಿಟ್ಟೆ!"

ಗುಂಜಿ ಕೂಗಿ ಮಾತನಾಡಿದ್ದನ್ನು ಆ ಬಯಲು ಅದೇ ಮೊದಲ ಸಲ ಕೇಳಿದ್ದು.

ಟಿಟ್ಟಿಭಕ್ಕ ಮೊಟ್ಟೆಗಳ ಮೇಲೆ ರೆಕ್ಕೆ ಹರಡಿದಳು. "ಮೊಟ್ಟೆ ಹೊತ್ತುಕೊಂಡು ಹೋಗೋಕೆ ನನಗೇನು ಕೈ ಇದ್ಯಾ? ಏನಾದ್ರೂ ಮಾಡೇ!"

ಏನು ಮಾಡುವುದು? ಗುಂಜಿಗೆ ಗೊತ್ತಿದ್ದದ್ದು ಒಂದೇ. ಬೆರಳಿನಿಂದ ಮಣ್ಣಿನಲ್ಲಿ ಸರಸರ ಬರೆದಳು. ದೂರದ ಬೋಳು ನೆಲದಲ್ಲಿ ಟಿಟ್ಟಿಭ ರೆಕ್ಕೆ ಇಳಿಬಿಟ್ಟು ಕುಂಟುತ್ತಿದೆ, ಗಂಟಲು ಹರಿಯುವಂತೆ ಅರಚುತ್ತಿದೆ. ನಾಲಗೆ ಹೊರಹಾಕಿಕೊಂಡು ಮುಂಗುಸಿ ಅದರ ಹಿಂದೆ.

"ಛೀ! ನಾನಾ? ಎಲ್ಲರ ಎದುರಿಗೆ ಕುಂಟೋದಾ? ಕಿರುಚೋದಾ?"

"ನಗ್ತಾರೆ ಅಕ್ಕ. ನಕ್ಕರೆ ನಗಲಿ!"

ಟಿಟ್ಟಿಭಕ್ಕ ಮೊಟ್ಟೆಗಳನ್ನು ನೋಡಿದಳು. ಚಿತ್ರವನ್ನು ನೋಡಿದಳು. ಹುಲ್ಲು ಅಲ್ಲಾಡಿತು. ಮರ್ಯಾದೆಯನ್ನು ಅಲ್ಲೇ ಬಿಟ್ಟು ಅವಳು ಬೋಳು ನೆಲದತ್ತ ಓಡಿದಳು. ರೆಕ್ಕೆ ಇಳಿಬಿಟ್ಟಳು. ಕುಂಟಿದಳು. ಹುಟ್ಟಿದಂದಿನಿಂದ ಒಳಗಿಟ್ಟುಕೊಂಡಿದ್ದ ದನಿಯನ್ನೆಲ್ಲ ಒಟ್ಟಿಗೆ ಹೊರಹಾಕಿದಳು.

"ಟಿಟಿಟ್ಟೀ! ಟಿಟ್ಟಿಟ್ಟಿಟ್ಟೀ!"

ಹೊಳೆ ಹರಿಯುವುದನ್ನು ಮರೆತು ನಿಂತಿತು. ಎಮ್ಮೆಗಳು ತಲೆ ಎತ್ತಿದವು. ಮುಂಗುಸಿಯೂ ತಿರುಗಿ ನೋಡಿದ. "ಓಹೋ! ಇಷ್ಟು ಅರಚ್ತಾಳೆ ಅಂದ್ರೆ ಮೊಟ್ಟೆ ಅಲ್ಲೇ ಇರಬೇಕು. ಚಿತ್ರದಲ್ಲಿರೋದು ಬರೀ ತಮಾಷೆ," ಎಂದುಕೊಂಡು ಆ ಕಡೆ ಓಡಿದ. ಅವನು ಹತ್ತಿರ ಬಂದಾಗ ಅವಳು ಹಾರಿ ಇನ್ನೊಂದು ಕಡೆ ಕೂತು ಅರಚಿದಳು. ಅಲ್ಲಿಗೂ ಓಡಿದ. ಓಡಿದ, ಓಡಿದ, ಹೊತ್ತು ಇಳಿಯುವ ತನಕ ಓಡಿದ. ಕೊನೆಗೆ ಸುಸ್ತಾಗಿ ಒಂದು ಮಿಡತೆ ತಿಂದು ಮಲಗಿದ.

ನೋಡಿದವರೆಲ್ಲ ನಕ್ಕರು. ಟಿಟ್ಟಿಭಕ್ಕನಿಗೂ ಯಾಕೋ ನಗು ಬಂತು. ಮುಂಗುಸಿ ಬಂದಾಗಲೆಲ್ಲ ಅದೇ ಆಟ. ಒಂದು ಬೆಳಿಗ್ಗೆ ಮೊಟ್ಟೆ ಒಡೆದು, ನೆನೆದ ಗರಿ ಒಣಗುವಷ್ಟರಲ್ಲೇ ಮರಿಗಳು ಪುಟುಪುಟು ಓಡಿದವು.

ಅಂದಿನಿಂದ ಟಿಟ್ಟಿಭದ ವಂಶದಲ್ಲಿ ಪಿಸುಮಾತೇ ಇಲ್ಲ. ಈಗಲೂ ಕೆರೆಯ ಒಣ ಅಂಚಿನಲ್ಲೋ ಖಾಲಿ ಬಯಲಿನಲ್ಲೋ ನೀನು ನಡೆದುಹೋದರೆ, ಹಳದಿ ಕಾಲಿನ ಹಕ್ಕಿಯೊಂದು ಅರಚುತ್ತಾ ನಿನ್ನ ತಲೆಯ ಮೇಲೆ ಸುತ್ತುತ್ತದೆ. ಅದು ಹೋಗಿ ಕೂತು ಕಿರುಚುವ ಕಡೆ ಹುಡುಕಬೇಡ, ಮೊಟ್ಟೆ ಅಲ್ಲಿರುವುದಿಲ್ಲ. ಎಲ್ಲಿದೆ ಎಂದು ಅದು ಯಾರಿಗೂ ಹೇಳುವುದಿಲ್ಲ. ದನಿ ಬಿದ್ದುಹೋಗುವ ತನಕ ಒಂದೇ ಒಂದು ಮಾತು ಕೇಳುತ್ತಿರುತ್ತದೆ: "ಮಗಾ, ಒಂಚೂರು ನೋಡಿ ಕಾಲಿಡ್ತೀಯಾ?"