ಅಡ್ಜಸ್ಟ್ ಎಂಬ ಮಾತು

ಹೊಳೆಯ ದಡದಲ್ಲಿ ಒಂದು ಚಿಕ್ಕ ಆಶ್ರಮ. ಅದರ ಗುರು ಪುಟ್ಟಲಿಂಗಮ್ಮನವರು. ಶಿಷ್ಯರಿಗೆಲ್ಲ ಅವರು ಅವ್ವ.

ಬಂದುಹೋಗುವವರ ಊಟ, ವಸತಿ, ತಕರಾರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಶಿಷ್ಯ ಷಡಕ್ಷರಿ. ಕನ್ನಡದ ಜೊತೆಗೆ ಇಂಗ್ಲಿಷ್, ತಮಿಳು, ಹಿಂದಿ ಚೆನ್ನಾಗಿ ಬಲ್ಲವನು.

ಕೋಣೆ ಸಾಲದೆ ಹೋದರೆ, ಸಾರಿಗೆ ಉಪ್ಪು ಹೆಚ್ಚಾದರೆ, ಸ್ನಾನಕ್ಕೆ ಬಿಸಿನೀರು ಮುಗಿದಿದ್ದರೆ ಅವನು ನಗುತ್ತಾ ಒಂದೇ ಮಾತು ಹೇಳುತ್ತಿದ್ದ. "ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ."

ಎಲ್ಲರೂ ಮಾಡಿಕೊಳ್ಳುತ್ತಿದ್ದರು.

"ಇಂಗ್ಲಿಷಿನಿಂದ ನಮಗೆ ಬಂದಿರೋದರಲ್ಲಿ ಇದು ದೊಡ್ಡ ಮಾತು ಅವ್ವ," ಎಂದು ಒಮ್ಮೆ ಹೇಳಿದ್ದ. "ಯಾವ ಸೀಮೆಯವರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹೇಳಿದ ಕೂಡಲೇ ಜಗಳ ನಿಲ್ಲುತ್ತೆ."



ಒಂದು ಬೆಳಗ್ಗೆ ಶಶಿರೇಖಾ ಎಂಬ ಹೆಂಗಸು ಬ್ಯಾಗ್ ಹಿಡಿದುಕೊಂಡು ಆಶ್ರಮಕ್ಕೆ ಬಂದಳು. ತೋಳಿನ ಮೇಲೆ ಬೆರಳುಗಳ ಗುರುತು ಮೂಡಿತ್ತು. ಅವ್ವ ಏನನ್ನೂ ಕೇಳದೆ ತಮ್ಮ ಪಕ್ಕದ ಕೋಣೆ ಕೊಟ್ಟರು.

ಷಡಕ್ಷರಿ ಕೇಳಿದ. ಗಂಡ ಹೊಡೆಯುತ್ತಾನೆ ಎಂದು ಗೊತ್ತಾಯಿತು. ಮುರಿದ ಸಂಸಾರವನ್ನು ಕೂಡಿಸಿದರೆ ಪುಣ್ಯ ಎಂದುಕೊಂಡ. ಅವಳಿಗೆ ತಿಳಿಸದೆ ಅವಳ ಅಣ್ಣನಿಗೆ ಫೋನ್ ಮಾಡಿದ.

ಅಣ್ಣ ಮರಿಸ್ವಾಮಿ ಮಾರನೆಯ ದಿನವೇ ಕಾರು ತೆಗೆದುಕೊಂಡು ಬಂದ.

ಜಗುಲಿಯ ಮೇಲೆ ಶಶಿರೇಖಾ ತಲೆ ತಗ್ಗಿಸಿ ನಿಂತಿದ್ದಳು. ಷಡಕ್ಷರಿ ಅವಳ ಬಲಕ್ಕೆ ನಿಂತು ಮೆಲ್ಲಗೆ ಹೇಳಿದ. "ನೋಡು ತಂಗಿ, ಸಂಸಾರ ಅಂದಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ. ನೀನೇ ಸ್ವಲ್ಪ ಅಡ್ಜಸ್ಟ್ ಮಾಡಿಕೊಂಡು ಹೋಗಬೇಕು."

ಅವಳು ಮಾತಾಡಲಿಲ್ಲ. ಒಪ್ಪಿದಳು ಎಂದುಕೊಂಡ.

"ನಡಿ, ಬ್ಯಾಗ್ ತಗೊಂಡು ಬಾ," ಎಂದು ಮರಿಸ್ವಾಮಿ ಎದುರಿಗೆ ಬಂದು ಹೇಳಿದ. ಅವಳು ಒಳಗೆ ಹೋದಳು.

ಅಷ್ಟರಲ್ಲಿ ಅವ್ವ ಹೊರಗೆ ಬಂದರು. ಬಾಗಿಲ ಹಿಂದೆಯೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮರಿಸ್ವಾಮಿಗೆ, "ಇಲ್ಲೇ ಇರಪ್ಪ," ಎಂದರು. ಷಡಕ್ಷರಿಗೆ, "ನೀನು ಬಾ," ಎಂದು ಹೊಳೆಯ ಕಡೆ ನಡೆದರು.

ಮೆಟ್ಟಿಲಿನ ಪಕ್ಕ, ನೀರಿಗೆ ಚಾಚಿದಂತೆ ಒಂದು ಚಪ್ಪಡಿ ಕಲ್ಲಿತ್ತು. ಷಡಕ್ಷರಿಯನ್ನು ಅದರ ಮೇಲೆ ಕೂರಿಸಿ ಅವ್ವ ಪಕ್ಕದಲ್ಲಿ ಕೂತರು.

"ಸ್ವಲ್ಪ ಸರಿ," ಎಂದರು. ಸರಿದ.

ಅವ್ವ ಭುಜಕ್ಕೆ ಭುಜ ಒತ್ತಿದರು. "ಇನ್ನೂ ಸ್ವಲ್ಪ."

ಮತ್ತೆ ಸರಿದ. ಅವ್ವನ ಆಚೆ ಪಕ್ಕದಲ್ಲಿ ಇಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು.

"ಇನ್ನೂ ಸ್ವಲ್ಪ."

"ಅವ್ವ, ಇನ್ನು ಕಲ್ಲಿಲ್ಲ."

"ಅಡ್ಜಸ್ಟ್ ಮಾಡಿಕೊ," ಎಂದು ಅವ್ವ ದೂಡಿದರು.

ಷಡಕ್ಷರಿ ಸೊಂಟದ ಮಟ್ಟದ ನೀರಿಗೆ ಬಿದ್ದ. ಮೂಗಿಗೂ ನೀರು ಹೋಯಿತು. ಕೆಮ್ಮುತ್ತಾ ಎದ್ದು ನಿಂತು ನೋಡಿದರೆ ಅವ್ವನ ಮುಖದಲ್ಲಿ ನಗುವಿಲ್ಲ. ಸಿಟ್ಟಿನಿಂದ ಅವರ ಗಲ್ಲ ನಡುಗುತ್ತಿತ್ತು. ಅವರನ್ನು ಅವನು ಹಾಗೆ ಎಂದೂ ಕಂಡಿರಲಿಲ್ಲ.

"ಮೇಲೆ ಬರಬೇಡ. ಅಲ್ಲೇ ನಿಂತು ಹೇಳು. ಇಂಗ್ಲಿಷಿನವರು ಏನನ್ನು ಅಡ್ಜಸ್ಟ್ ಮಾಡ್ತಾರೆ?"

"ಗಡಿಯಾರ, ಕನ್ನಡಕ, ತಕ್ಕಡಿ. ಸರಿಯಿಲ್ಲದ್ದನ್ನ ತಿರುಗಿಸಿ ಸರಿ ಮಾಡೋದಕ್ಕೆ ಹಾಗಂತಾರೆ."

"ಸರಿಯಿಲ್ಲದ್ದನ್ನ ತಾನೆ?"

"ಹೌದು. ಮನುಷ್ಯರೂ ಮಾಡಿಕೊಳ್ತಾರೆ. ಹೊಸ ಊರಿಗೆ, ಚಳಿಗೆ."

"ಚಳಿ ಬೇಕಂತ ಯಾರ ಮೇಲೂ ಕೈ ಎತ್ತಲ್ಲ. ಅದಕ್ಕೆ ಹೊಂದಿಕೊಳ್ಳಲಿ. ತಮಿಳಿನವರು?"

"ಬಸ್ಸಿನಲ್ಲಿ ಕೇಳ್ತಾರೆ ಅವ್ವ. ಮೂವರ ಸೀಟಿನಲ್ಲಿ ನಾಲ್ಕನೆಯವರು ಕೂರಬೇಕಾದಾಗ."

"ಯಾರಿಗೆ ಹೇಳ್ತಾರೆ?"

"ಮೊದಲೇ ಕೂತಿರೋರಿಗೆ."

"ಹಿಂದಿಯಲ್ಲಿ?"

ಷಡಕ್ಷರಿ ತಡೆದು ಹೇಳಿದ. "ಹೆಣ್ಣುಮಕ್ಕಳನ್ನ ಗಂಡನ ಮನೆಗೆ ಕಳಿಸುವಾಗ ಹೇಳ್ತಾರೆ."

"ಗಂಡಿಗೆ?"

"ಕೇಳಿಲ್ಲ."

"ಹೊಡೆಯೋ ಕೈಗೆ, ಸ್ವಲ್ಪ ಅಡ್ಜಸ್ಟ್ ಮಾಡಿಕೊ ಅಂತ ನಿನ್ನ ಯಾವ ಭಾಷೆಯಲ್ಲಾದರೂ ಯಾರಾದರೂ ಹೇಳಿದ್ದಾರಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಅವಳಿಗೆ ಹೇಳಿದ್ದನ್ನ ಈಗ ಕನ್ನಡದಲ್ಲಿ ಹೇಳು."

"ಹೊಂದಿಕೊಂಡು ಹೋಗು ಅಂದೆ ಅವ್ವ."

"ಸುಳ್ಳು. ಹೊಂದಿಕೊಳ್ಳೋಕೆ ಇಬ್ಬರು ಬೇಕು. ಅವಳೊಬ್ಬಳಿಗೆ ನೀನು ಹೇಳಿದ್ದೇನು?"

ಹೊಳೆ ಅವನ ಸೊಂಟವನ್ನು ಬಳಸಿಕೊಂಡು ಹರಿಯುತ್ತಿತ್ತು.

"ಹೊಡೆಸಿಕೊಂಡು ಬಿದ್ದಿರು ಅಂದೆ," ಎಂದು ಕೊನೆಗೆ ಹೇಳಿದ.

"ಹೋಗು. ಅದನ್ನೇ, ಅದೇ ಮಾತಿನಲ್ಲಿ, ಅವಳ ಮುಂದೆ ನಿಂತು ಹೇಳು. ಹೇಳಿದ ಮೇಲೆ ಅವಳನ್ನ ಕಾರು ಹತ್ತಿಸು. ನಾನು ಬೇಡ ಅನ್ನಲ್ಲ."

ಷಡಕ್ಷರಿ ಒದ್ದೆ ಬಟ್ಟೆಯಲ್ಲೇ ಜಗುಲಿಗೆ ಬಂದ. ಅವ್ವ ಹಿಂದೆಯೇ ಬಂದರು. ಶಶಿರೇಖಾ ಬ್ಯಾಗ್ ಹಿಡಿದು ಕಂಬದ ಬಳಿ ನಿಂತಿದ್ದಳು.

"ತಂಗಿ," ಎಂದ. ಅವಳು ತಿರುಗಲಿಲ್ಲ. "ತಂಗಿ," ಎಂದು ಮತ್ತೆ ಕರೆದ.

ಬಳಿ ಯಾರೋ ಬಂದದ್ದು ಗೊತ್ತಾಗಿ ಅವಳು ಬೆಚ್ಚಿ ನೋಡಿದಳು. "ಈ ಕಡೆಯಿಂದ ಹೇಳಿ ಅಣ್ಣ. ಆ ಕಿವಿ ಕೇಳಿಸಲ್ಲ."

"ಯಾವಾಗಿನಿಂದ?"

"ಹೋದ ದೀಪಾವಳಿಯಿಂದ."

ಷಡಕ್ಷರಿ ಮರಿಸ್ವಾಮಿಯ ಕಡೆ ನೋಡಿದ. ಮರಿಸ್ವಾಮಿ ಕಾರಿನ ಕೀಲಿಯನ್ನು ನೋಡುತ್ತಾ ಹೇಳಿದ. "ಆಸ್ಪತ್ರೆಗೆ ನಾನೇ ಕರಕೊಂಡು ಹೋಗಿದ್ದೆ. ಬಚ್ಚಲಲ್ಲಿ ಜಾರಿ ಬಿದ್ದಳು ಅಂತ ಡಾಕ್ಟರಿಗೆ ಹೇಳಿದೆ. ಮನೆ ಮರ್ಯಾದೆ ನೋಡಬೇಕಲ್ಲ ಅವ್ವ."

"ನೋಡಿದೆಯಲ್ಲಪ್ಪ, ಚೆನ್ನಾಗಿ ನೋಡಿದೆ," ಎಂದರು ಅವ್ವ. "ಮನೆಯ ಮರ್ಯಾದೆ ಉಳಿಯಿತು, ತಂಗಿಯ ಕಿವಿ ಹೋಯಿತು."

ಷಡಕ್ಷರಿ ಅವಳ ಎಡಕ್ಕೆ ಬಂದು ನಿಂತ. ಕೈ ಚಾಚಿ ಅವಳ ಬ್ಯಾಗ್ ಇಸಿದುಕೊಂಡ.

"ನಾನೇ ಫೋನ್ ಮಾಡಿ ಇವರನ್ನ ಕರೆಸಿದ್ದು. ತಪ್ಪಾಯಿತು ತಂಗಿ," ಎಂದು ಹೇಳಿ ಬ್ಯಾಗನ್ನು ಒಳಗೆ ಒಯ್ದು ಅವಳ ಕೋಣೆಯಲ್ಲಿಟ್ಟು ಬಂದ.

ಅವಳು ಅಲ್ಲೇ ನಿಂತಿದ್ದಳು. ಹೋಗುವುದೋ ಇರುವುದೋ ಯಾರಾದರೂ ಹೇಳಲಿ ಎಂದು ಕಾಯುವವಳಂತೆ.

ಅವ್ವ ಅವಳ ಎದುರಿಗೆ ಬಂದು ಕೇಳಿದರು. "ನಿನಗೇನು ಬೇಕಮ್ಮ?"

ಅದನ್ನು ಯಾರೂ ಅವಳನ್ನು ಕೇಳಿರಲಿಲ್ಲ.

"ಕಿವೀನ ಇನ್ನೊಂದು ಸಲ ಡಾಕ್ಟರಿಗೆ ತೋರಿಸಬೇಕು. ಏನಾಯಿತು ಅಂತ ನಿಜ ಹೇಳಿ ತೋರಿಸಬೇಕು," ಎಂದಳು. "ಆಮೇಲೆ, ನನ್ನ ಹೊಲಿಗೆ ಮಿಷನ್ ಆ ಮನೇಲಿದೆ. ನಮ್ಮಮ್ಮ ಕೊಡಿಸಿದ್ದು. ಅದು ಬೇಕು. ನಾನು ಆ ಮನೆಗೆ ಹೋಗಲ್ಲ."

"ಷಡಕ್ಷರಿ, ಬಟ್ಟೆ ಬದಲಾಯಿಸಿ ಇವಳನ್ನ ಆಸ್ಪತ್ರೆಗೆ ಕರಕೊಂಡು ಹೋಗು," ಎಂದರು ಅವ್ವ. "ಯಾವ ಮಾತನ್ನೂ ಮೃದು ಮಾಡಬೇಡ. ಅವಳು ಹೇಳಿದಷ್ಟನ್ನೇ ಬರೆಸು."

ಹಾಗೆಂದು ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದರು. ಕಾರಿನ ಬಾಗಿಲು ತಾವೇ ತೆಗೆದು ಮುಂದಿನ ಸೀಟಿನಲ್ಲಿ ಕೂತರು.

ಮರಿಸ್ವಾಮಿ ಗಾಬರಿಯಿಂದ ಓಡಿಬಂದ. "ನೀವೆಲ್ಲಿಗೆ ಅವ್ವ?"

"ಮಿಷನ್ ತರೋಕೆ."

"ಅವನು ಕೊಡಲ್ಲ. ಊರಿನ ಹಿರಿಯರೆಲ್ಲ ಕೂತು ಹೇಳಿದ್ದಾಯಿತು, ನಾನು ಕಾಲು ಹಿಡಿದದ್ದಾಯಿತು. ಅವನು ಮಾತು ಕೇಳೋ ಮನುಷ್ಯ ಅಲ್ಲ."

ಅವ್ವ ಸೆರಗು ಬಿಗಿಮಾಡಿಕೊಂಡು ಬಾಗಿಲು ಎಳೆದುಕೊಂಡರು.

"ಅವನಿಗೆ ಕನ್ನಡ ಅರ್ಥ ಆಗುತ್ತೆ ತಾನೆ?"